ಲಿಥಾರಿಯ ಮದುವೆ ಅನ್ನ

ಡುಲುತ್, ಜಾರ್ಜಿಯಾ
ಜುಲೈ 9, 2023

ಅಪ್ಪಾ,

ಸುಳ್ಳು. ನಾ ಹೇಳಿದ್ದೆ. ನಿನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದ್ದೆ. ಈಗ ನಿಮ್ಮ ಗೈದರ್ಸ್‌ಬರ್ಗ್ ತುಂಬ ‘ಮಗ ಗೊತ್ತಿದ್ದೂ ಹೇಳಲಿಲ್ಲ, ಬೇಕಂತ ತಿನಿಸಿದ’ ಅಂತ ಹೇಳ್ಕೋತ ತಿರಗಾಕತ್ತೀದಿ. ಇದನ್ನ ನನ್ನ ಮುಖದ ಮುಂದ ಹೇಳಾಕ ಧೈರ್ಯ ಇಲ್ಲ. ಫೋನ್ ಬ್ಲಾಕ್ ಮಾಡೀದಿ. ಮಾಡು. ಪೋಸ್ಟ್‌ಮನ್‌ನ ಬ್ಲಾಕ್ ಮಾಡಾಕ ಬರಂಗಿಲ್ಲ.

ಇಂಗ್ಲಿಷ್‌ನಾಗ ಬರದ್ರ ಆಫೀಸಿನ ಕಾಗದ ಅಂತ ಮಡಚಿ ಇಡ್ತಿ. ಅದಕ್ಕ ಕನ್ನಡದಾಗ ಬರೀತೀನಿ. ಬಾಗಲಕೋಟಿ ಸಾಲ್ಯಾಗ ಕಲ್ತಿದ್ದು ಇದಕ್ಕಾದ್ರೂ ಬರ್ಲಿ. ತಪ್ಪು ಇದ್ರ ಕೆಂಪು ಪೆನ್ನಿಲೆ ತಿದ್ದು. ತಿದ್ದೋದು ನಿನಗ ಭಾಳ ಸೇರತೈತಿ.

ಏನಾತು ಅಂತ ಮೊದಲಿಂದ ಹೇಳ್ತೀನಿ. ನೀ ಮಂದಿಗೆ ಹೇಳಿ ಹೇಳಿ ನಿನ್ನ ಕಥಿ ನೀನೇ ನಂಬಿರ್ತಿ.

ನಿನ್ನ ಲ್ಯಾಬಿನ ಗೆಳೆಯ ಸಿಫಿಸ್ ಹೋದ ತಿಂಗಳು ತನ್ನ ತಂಗಿ ಮದುವಿಗೆ ಕ್ರೀಟ್‌ಗೆ ಕರದ. ಸಮುದ್ರದ ನಡುವ ದ್ವೀಪ, ದ್ವೀಪದ ನಡುವ ಗುಡ್ಡ, ಗುಡ್ಡದ ನೆತ್ತಿ ಮ್ಯಾಲೆ ಲಿಥಾರಿ ಅನ್ನೋ ಸಣ್ಣ ಊರು. ನೀ, ಅವ್ವ, ಆರತಕ್ಕ, ನಾ. ಜೊತಿಗೆ ‘ಗ್ರೀಸ್ ನೋಡಿಲ್ರಿ’ ಅಂತ ಬಾಲದಂಗ ಬಂದ ನಿಮ್ಮ ಸಮಾಜದ ಹಿರಿಯ, ದಾನಪ್ಪ ಅಂಕಲ್. ಘಾಟಿ ರಸ್ತೆ ಬೋರ್ಡ್ ಒಂದೊಂದೂ ಗುಂಡು ಬಿದ್ದು ಜರಡಿ ಆಗಿತ್ತು. ದಾನಪ್ಪ ಅಂಕಲ್ ಕಾರಿನಾಗ ಕುಂತಲ್ಲೇ ಬೆವತ. ‘ಇಲ್ಲಿ ಟೆರರಿಸ್ಟ್ ಅದಾರೇನ್ರಿ?’ ಅಂದ. ಸಿಫಿಸ್ ನಕ್ಕ. ‘ಇಲ್ಲ, ನಮ್ಮ ಹುಡುಗ್ರು. ಖುಷಿ ಆದ್ರ ಹೊಡೀತಾರ. ಸಿಟ್ಟು ಬಂದ್ರೂ ಹೊಡೀತಾರ.’ ನನಗ ಆ ಊರು ಅಲ್ಲೇ ಸೇರಿತು.

ಮಾಂಸ ತಿನ್ನಂಗಿಲ್ಲ, ಅನ್ನ ಇದ್ರ ಸಾಕು ಅಂತ ನೀ ಸಿಫಿಸ್‌ಗೆ ಮೊದಲ ಹೇಳಿದ್ದಿ. ಅವ ಹೂಂ ಅಂದ. ಅವರ ಪಾಲಿಗೆ ಅನ್ನ ಅಂದ್ರ ಅನ್ನ. ಅದು ಯಾವ ನೀರಾಗ ಬೆಂದೈತಿ ಅಂತ ಅಲ್ಲಿ ಯಾರೂ ಕೇಳಂಗಿಲ್ಲ. ನಾ ಹಿತ್ತಲದಾಗ ಕಡಾಯಿ ಹತ್ರ ಇದ್ದೆ. ನೋಡಿದೆ. ಆಡು, ಹುಂಜ ಕುದಿಸಿ ಎತ್ತಿ ತಗದ್ರು, ಆ ರಸದಾಗ ಅಕ್ಕಿ ಹಾಕಿದ್ರು, ಮ್ಯಾಲೆ ತುಪ್ಪ, ನಿಂಬಿಹಣ್ಣು. ತಾಟಿಗೆ ಬಂದಾಗ ಒಂದು ತುಣುಕು ಕಾಣಂಗಿಲ್ಲ. ಬೆಳ್ಳಗ, ಮೆತ್ತಗ, ನಮ್ಮ ಮಠದ ಪ್ರಸಾದದಂಗ.

ನಾ ಓಡಿ ಬಂದು ನಿನಗ ಹೇಳಿದೆ. ‘ಅಪ್ಪಾ, ಅನ್ನ ತಿನ್ನಬ್ಯಾಡ. ಆಡಿನ ರಸದಾಗ ಬೇಯಿಸ್ಯಾರ.’

ನೀ ತಿಂದಿ. ಮತ್ತೊಮ್ಮಿ ಹಾಕಿಸ್ಕೊಂಡಿ. ಆಮ್ಯಾಲೆ ಡಬ್ಬಿ ಅವಲಕ್ಕಿ ಮುಕ್ಕಾಕತ್ತಿದ್ದ ದಾನಪ್ಪ ಅಂಕಲ್ ಸಿಫಿಸ್‌ನ ಕೇಳಿದ, ‘ಭಾರಿ ಘಮ ಐತಲ್ರಿ, ಏನು ಹಾಕ್ತೀರಿ?’ ಸಿಫಿಸ್ ಹೆಮ್ಮಿಯಿಂದ ಹೇಳಿದ. ಅಂಕಲ್ ಚಮಚ ಕೆಳಗ ಇಟ್ಟ. ‘ಶರಣಪ್ಪ, ಇದನ್ನ ನೀ ತಿಂದ್ಯಾ?’

ಆಗ ನೀ ನನ್ನ ಕಡೆ ತಿರಗಿದಿ. ಮೊದಲು ಕೈಯಿಲೆ. ಆಮ್ಯಾಲೆ ಟೇಬಲ್ ಮ್ಯಾಲಿನ ಸೆರೆ ಹೂಜಿಯಿಲೆ. ನನ್ನ ಹುಬ್ಬು ಹರಿದು ಕಣ್ಣಾಗ ರಕ್ತ ತುಂಬಿತು. ‘ಗೊತ್ತಿದ್ದೂ ತಿನಿಸಿದಿ’ ಅಂದಿ, ಎಲ್ಲಾರಿಗೂ ಕೇಳೋ ಹಂಗ. ನಾ ನಿನ್ನ ಕಾಲರ್ ಹಿಡಿದು ದೂಡಿದೆ. ಟೇಬಲ್ ಸಮೇತ ಬಿದ್ದಿ. ಮೊಳಕೈ ಮುರೀತು. ಆ ಸಪ್ಪಳ ನಾ ಕೇಳಿದೆ.

ಅದಕ್ಕ ಸಾರಿ ಅಂತ ಬರೀತೀನಿ ಅಂದ್ಕೊಂಡ್ರ ಇಲ್ಲಿಗೇ ಹರದು ಒಗಿ. ನನಗ ಬೇಕಾಗಿದ್ದು ಒಂದ. ‘ಹೌದು, ಅಮೃತ್ ಹೇಳಿದ್ದ’ ಅಂತ ಹೇಳು. ದಾನಪ್ಪ ಅಂಕಲ್ ಮುಂದ ಹೇಳು.

ಹುಬ್ಬಿನ ಹೊಲಿಗಿ ತಗದಾರ. ಕೂದಲ ಬರಂಗಿಲ್ಲಂತ ಅಲ್ಲಿ.

ಅಮೃತ್

*

ಗೈದರ್ಸ್‌ಬರ್ಗ್, ಮೇರಿಲ್ಯಾಂಡ್
ಜುಲೈ 22, 2023

ಅಮೃತ,

ನಿನ್ನ ಪತ್ರ ಬಂದಿದೆ. ಅದರ ಭಾಷೆಯನ್ನು ತಿದ್ದಲು ಹೋಗುವುದಿಲ್ಲ. ತಿದ್ದುವ ಕಾಲ ಮುಗಿಯಿತು.

ಮೊಳಕೈಯ ಪಟ್ಟಿ ಬಿಚ್ಚಿದ್ದಾರೆ. ಆ ಕೈಯಿಂದಲೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕಾರಣ ನಿನಗೆ ಗೊತ್ತು.

ಆ ದಿನ ನೀನು ನನ್ನ ಹತ್ತಿರ ಬಂದದ್ದೇ ನನಗೆ ನೆನಪಿಲ್ಲ. ನೆನಪಿರುವುದು ಇಷ್ಟು: ನೀನು ಬೆಳಗಿನಿಂದ ಹಿತ್ತಲಿನಲ್ಲಿ ಆ ಜನರ ಜೊತೆ ಇದ್ದೆ. ಅಡುಗೆಯಾಗುವುದನ್ನು ಕಣ್ಣಾರೆ ಕಂಡೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ತಂದೆ ಆ ಅನ್ನಕ್ಕೆ ಕೈಹಾಕುವಾಗ ನೋಡುತ್ತಾ ನಿಂತೆ. ನಿನ್ನನ್ನು ಶಾಲೆಯಲ್ಲಿ ಉಳಿಸಲು ನಾನು ಕಟ್ಟುನಿಟ್ಟು ಮಾಡಿದ್ದಕ್ಕೆ ನೀನು ತೀರಿಸಿಕೊಂಡ ಸೇಡು ಇದು ಎಂದು ದಾನಪ್ಪನವರು ಹೇಳುತ್ತಾರೆ. ನಾನು ಅಷ್ಟು ಕಠಿಣವಾಗಿ ಹೇಳುವುದಿಲ್ಲ.

ಊರಿನ ಸ್ವಾಮಿಗಳೊಂದಿಗೆ ವಿಡಿಯೋದಲ್ಲಿ ಮಾತಾಡಿದೆ. ಅವರು ಹೇಳಿದಂತೆ ವಿಭೂತಿ ಧರಿಸಿ, ಲಿಂಗವನ್ನು ತೊಳೆದು ಮತ್ತೆ ಕಟ್ಟಿಕೊಂಡಿದ್ದೇನೆ. ನನ್ನ ಪಾಲಿಗೆ ಅದು ಅಲ್ಲಿಗೆ ಮುಗಿಯಿತು.

ನಿನ್ನ ಪಾಲಿಗೆ ಮುಗಿಯಬೇಕಾದರೆ ದಾರಿ ಒಂದೇ. ಅಕ್ಟೋಬರ್ ಕೊನೆಗೆ ಆರತಿಯ ಮದುವೆ. ಹಿಂದಿನ ದಿನ ಮನೆಯಲ್ಲಿ ಅರಿಷಿಣ. ಅಂದು ಬಾ. ದಾನಪ್ಪನವರ ಮುಂದೆ, ಬೀಗರ ಮುಂದೆ, ‘ಗೊತ್ತಿತ್ತು, ಹೇಳಲಿಲ್ಲ’ ಎಂದು ಒಪ್ಪಿಕೊ. ಅಲ್ಲಿಯವರೆಗೆ ಈ ಮನೆಯ ಮದುವೆಯಲ್ಲಿ ನಿನಗೆ ಜಾಗವಿಲ್ಲ.

ಸಿಫಿಸ್ ಈಗ ಮಧ್ಯಾಹ್ನ ಬೇರೆ ಟೇಬಲ್ಲಿನಲ್ಲಿ ಊಟಕ್ಕೆ ಕೂರುತ್ತಾನೆ. ಅದೂ ನಿನ್ನ ದಯೆ.

ಹೋಟೆಲಿನಲ್ಲಿ ಎಣ್ಣೆ ಕಾಯುವ ಹತ್ತಿರ ಹುಷಾರಾಗಿರು.

ಶಿವಶರಣಪ್ಪ

*

ಡುಲುತ್
ಜುಲೈ 30, 2023

ಅಪ್ಪಾ,

ನೆನಪಿಲ್ಲಂತ! ನನ್ನ ಏಳನೇ ಕ್ಲಾಸಿನ ಗಣಿತದ ಮಾರ್ಕ್ಸ್ ನೆನಪೈತಿ ನಿನಗ. ಹೈಸ್ಕೂಲ್ ಬಿಟ್ಟ ದಿವಸ ನಾ ಯಾವ ಅಂಗಿ ಹಾಕಿದ್ದೆ ಅಂತ ನೆನಪೈತಿ, ಯಾಕಂದ್ರ ಅದರ ಗುಂಡಿ ಹರಿಯೋ ತನಕ ಬಡದಿದ್ದಿ. ಇದು ಮಾತ್ರ ನೆನಪಿಲ್ಲ.

ನಾ ನೆನಪು ಮಾಡಿಕೊಡ್ತೀನಿ. ಕೂತ್ಕೊಂಡು ಓದು.

ಆವತ್ತು ಬೆಳಿಗ್ಗೆ ನೀವೆಲ್ಲ ಚರ್ಚಿನ ಮುಂದ ಫೋಟೋ ತಗಸ್ಕೊಳ್ಳಾಕತ್ತಾಗ ಸಿಫಿಸ್‌ನ ಅಪ್ಪ, ಆ ಕರೀ ಅಂಗಿ ಮುದುಕ, ನನ್ನ ಹಿತ್ತಲಕ್ಕ ಕರ್ಕೊಂಡು ಹೋದ. ನನ್ನ ಕೈ ನೋಡಿದ, ಸುಟ್ಟ ಕಲಿ ನೋಡಿದ, ಅಡಿಗಿಯವ ಅಂತ ತಿಳ್ಕೊಂಡ. ಅವಗ ನನ್ನ ಮಾತು ಬರಂಗಿಲ್ಲ, ನನಗ ಅವಂದು ಬರಂಗಿಲ್ಲ. ಆಡಿನ ಕೋಡು ಹಿಡಿದು ನನ್ನ ಕೈಗೆ ಕೊಟ್ಟ. ಹಿಡಿದೆ. ಕೊಯ್ದ. ಅದು ನನ್ನ ತೊಡಿ ನಡುವ ಒದ್ದಾಡಿತು, ರಕ್ತ ಕಲ್ಲಿನ ಸಂದಿಯಾಗ ಹರಿದು ಹೋತು. ಆಮ್ಯಾಲೆ ಹಿಂಗಾಲಿನ ಚರ್ಮಕ್ಕ ಸಣ್ಣ ತೂತು ಮಾಡಿ ಬಾಯಿ ಹಚ್ಚಿ ಊದಿದ. ಸತ್ತ ಆಡು ಬಲೂನಿನಂಗ ಉಬ್ಬಿತು. ಮುಷ್ಟಿಯಿಲೆ ಗುದ್ದಿ ಗುದ್ದಿ ಚರ್ಮ ಬಿಡಿಸಿದ. ಅಂಗಿ ಕಳದಂಗ ಬಂತು.

ಎರಡನೇದಕ್ಕ ಚೂರಿ ನನ್ನ ಕೈಗೆ ಕೊಟ್ಟ.

ನಾ ಮಾಡಿದೆ. ಮೊಳಕೈ ತನಕ ಕೆಂಪು. ಮುದುಕ ನನ್ನ ಬೆನ್ನು ಹಂಗ ತಟ್ಟಿದ, ನಾ ಮುಂದಕ್ಕ ಬೀಳೋವಷ್ಟು ಜೋರ. ನನ್ನ ಬೆನ್ನಿಗೆ ಬಿದ್ದ ಪೆಟ್ಟಿನಾಗ ಅದೊಂದು ಮಾತ್ರ ಸಿಹಿ ಇತ್ತು.

ಕೈ ತೊಳಕೊಂಡು ನಿನ್ನ ಹತ್ರ ಬಂದೆ. ತೊಳದ್ರೂ ವಾಸನಿ ಹೋಗಿರಲಿಲ್ಲ. ನಾ ನಿನ್ನ ಕಿವಿಗೆ ಬಗ್ಗಿದಾಗ ನೀ ಮೂಗು ಮುಚ್ಚಿದಿ. ‘ಎದರಾಗ ಕೈ ಹಾಕೀಲೇ?’ ಅಂದಿ. ಆಮ್ಯಾಲೆ ನಾ ಹೇಳಿದೆ. ರಸದ ವಿಷಯ ಹೇಳಿದೆ. ನೀ ನನ್ನ ಕಣ್ಣಾಗ ಕಣ್ಣಿಟ್ಟು ನೋಡಿದಿ. ‘ಸುಮ್ಮನ ಕೂಡು. ಪಾತ್ರಿ ತಿಕ್ಕೋನು ನನಗ ಊಟದ ಪಾಠ ಹೇಳಬ್ಯಾಡ.’ ಇಷ್ಟ ಅಂದಿ. ಅವ್ವ ನಿನ್ನ ಬಾಜೂಕ ಕುಂತಿದ್ಲು. ಕೇಳು ಅಕಿನ್ನ.

ಅಷ್ಟೊತ್ತಿಗೆ ಮುದುಕ ತಾಟು ಹಿಡಕೊಂಡು ಬಂದ. ಮದುಮಗಳ ಅಪ್ಪ, ಊರಿಗೆ ದೊಡ್ಡವ. ನಿನ್ನ ಟೇಬಲ್ ತುದಿಗೆ, ತನ್ನ ಕುರ್ಚಿ ಮ್ಯಾಲೆ ಕುಂಡ್ರಿಸಿದ. ತನ್ನ ಕೈಯಿಲೆ ನಿನ್ನ ಬಾಯಿಗೆ ಅನ್ನ ಇಟ್ಟ. ಅಮೇರಿಕಾಕ್ಕ ಬಂದ ಮ್ಯಾಲೆ ನಿನ್ನ ಯಾರಾದ್ರೂ ಟೇಬಲ್ ತುದಿಗೆ ಕುಂಡ್ರಿಸ್ಯಾರೇನು? ಲ್ಯಾಬಿನಾಗ ನಿನಗಿಂತ ಸಣ್ಣವರು ನಿನ್ನ ಬಾಸ್ ಆದ್ರು, ನೀ ಮನಿಗೆ ಬಂದು ನನ್ನ ಬಡದಿ. ಆವತ್ತು ನೀ ಅನ್ನ ನುಂಗಿದಿ, ಕಣ್ಣು ಮುಚ್ಚಿದಿ. ಕಣ್ಣಂಚು ಹಸಿ ಆತು. ಮತ್ತೊಮ್ಮಿ ಬಾಯಿ ತಗದಿ, ಕೂಸಿನಂಗ. ಆಮ್ಯಾಲೆ ಎದ್ದು ಅವರ ಹೆಗಲ ಮ್ಯಾಲೆ ಕೈ ಹಾಕಿ ಕುಣದಿ. ನೀ! ಕುಣದಿ! ಹುಡುಗ್ರು ಗಾಳ್ಯಾಗ ಗುಂಡು ಹಾರಿಸಿದ್ರ ನೀ ಹೋ ಅಂತ ಕೂಗಿದಿ. ಅಕ್ಕ ವಿಡಿಯೋ ಮಾಡಿದ್ಲು. ನೀನೇ ಡಿಲೀಟ್ ಮಾಡಿಸಿದಿ.

ನೀ ಗೊತ್ತಿದ್ದ ತಿಂದಿ ಅಪ್ಪಾ. ನನ್ನ ಸಿಟ್ಟು ಅದಕ್ಕಲ್ಲ. ತಿನ್ನು! ಇನ್ನೊಂದು ತಾಟು ನಾನೇ ತಂದು ಹಾಕ್ತಿದ್ದೆ. ಅವ ಕುಣಿಯಾಕತ್ತಾನಲ್ಲ, ಆ ಮನಶ್ಯಾ ನನ್ನ ಅಪ್ಪ ಅಂತ ಮುದುಕಗ ಬಟ್ಟು ಮಾಡಿ ತೋರಿಸಿದ್ದೆ. ಆ ಮನಶ್ಯಾನ್ನ ನೀ ದಾನಪ್ಪನ ಒಂದು ಮಾತಿಗೆ ಕೊಂದಿ. ಹೆಣ ನನ್ನ ಹೆಗಲಿಗೆ ಹಾಕಿದಿ.

ಮುದುಕ ಬಂದೂಕು ಎತ್ತಿ ಮ್ಯಾಲಕ್ಕ ಹೊಡದು ನಮ್ಮಿಬ್ಬರನ್ನ ಬಿಡಿಸಿದನಲ್ಲ, ಆಮ್ಯಾಲೆ ಏನೋ ಚೀರಿದ. ನೀವೆಲ್ಲ ಕಾರ್ ಹತ್ತಿ ಹೋದ್ರಿ. ನಾ ಆವತ್ತು ಅವನ ಮನ್ಯಾಗ ಇದ್ದೆ, ಸಿಫಿಸ್‌ನ ಕೇಳಿದೆ. ಮುದುಕ ಅಂದಿದ್ದು ಇದು: ‘ನನ್ನ ಮನಿಗೆ ಬಂದ ಅತಿಥಿ ಮ್ಯಾಲೆ ಕೈ ಎತ್ತಿದವ ನನಗ ವೈರಿ. ಎತ್ತಿದವನೂ ನನ್ನ ಅತಿಥಿ, ಪೆಟ್ಟು ತಿಂದವನೂ ನನ್ನ ಅತಿಥಿ. ಈಗ ನಾ ಯಾರನ್ನ ಕೊಲ್ಲಲಿ?’

ಅವ ಅಳಾಕತ್ತಿದ್ದ. ಮಗಳ ಮದುವಿ ದಿವಸ.

ಸುಳ್ಳು ಒಪ್ಪಂಗಿಲ್ಲ. ಹೋಗು.

ಅಮೃತ್

*

ಗೈದರ್ಸ್‌ಬರ್ಗ್
ಆಗಸ್ಟ್ 27, 2023

ಅಮ್ಮೂ,

ಟೆಕ್ಸ್ಟ್ ಮಾಡಬಹುದಿತ್ತು. ಆದರೆ ನಿನಗೆ ಸಿಟ್ಟು ಬಂದರೆ ಫೋನ್ ಗೋಡೆಗೆ ಹೋಗುತ್ತದೆ. ಕಾಗದವನ್ನು ಹರಿದು ಹಾಕಿದರೂ ಜೋಡಿಸಿ ಓದಬಹುದು.

ನಿನ್ನ ಎರಡನೇ ಪತ್ರ ಅಪ್ಪ ಓದಿದ್ದನ್ನು ನೋಡಿದೆ. ಗರಾಜಿನಲ್ಲಿ ನಿಂತುಕೊಂಡು ಓದಿದರು. ಆಮೇಲೆ ಲಾನ್ ಮೋವರ್ ತೆಗೆದು, ಹಿಂದಿನ ದಿನವಷ್ಟೇ ಕತ್ತರಿಸಿದ ಹುಲ್ಲನ್ನು ಮತ್ತೆ ಕತ್ತರಿಸಿದರು. ಬೇಲಿಯ ಪಕ್ಕದ ಅವ್ವನ ಗುಲಾಬಿ ಗಿಡಗಳೂ ಹೋದವು. ಅವ್ವ ಬಿದ್ದ ಹೂಗಳನ್ನು ಆರಿಸಿ ಒಳಗೆ ತಂದಳು.

ಇನ್ನೊಂದು ವಿಷಯ. ಕ್ರೀಟ್‌ನಿಂದ ಬಂದ ಮೇಲೆ ಅಪ್ಪ ಅನ್ನ ಮುಟ್ಟಿಲ್ಲ. ರೊಟ್ಟಿ, ಚಪಾತಿ ಅಷ್ಟೇ. ಎಲ್ಲರೂ ಅದನ್ನು ಪ್ರಾಯಶ್ಚಿತ್ತ ಅಂದುಕೊಂಡಿದ್ದಾರೆ. ನನಗೆ ಗೊತ್ತಿಲ್ಲ. ಒಂದು ಸಲ ಅವ್ವ ತುಪ್ಪ ಕಾಯಿಸುವಾಗ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಬಂದು ಸುಮ್ಮನೆ ನಿಂತರು. ಏನು ಬೇಕು ಎಂದು ಕೇಳಿದೆ. ಏನಿಲ್ಲ ಅಂದರು. ಹೋಗಲೂ ಇಲ್ಲ.

ಈಗ ನನ್ನ ಮದುವೆಯ ಮಾತು. ಸೌರಭ್ ಒಳ್ಳೆಯವನು. ಅವನಿಗೆ ಇದೆಲ್ಲ ತಲೆಗೇ ಹೋಗುವುದಿಲ್ಲ. ಆದರೆ ಷಾರ್ಲಟ್‌ನಲ್ಲಿರುವ ಅವನ ಅಪ್ಪ, ಅವ್ವ ಹಾಗಲ್ಲ. ದಾನಪ್ಪ ಅಂಕಲ್ ಅವರಿಗೆ ಫೋನ್ ಮಾಡಿ ಹೇಳಿದ್ದಾರೆ. ‘ಹುಡುಗಿಯ ಅಪ್ಪ ತಾನಾಗಿ ತಿಂದಿದ್ದರೆ ಈ ಸಂಬಂಧ ಬೇಡ, ಮಗ ಮೋಸದಿಂದ ತಿನಿಸಿದ್ದರೆ ಅಪ್ಪನದೇನು ತಪ್ಪು’ ಎಂದು ಸೌರಭ್‌ನ ಅಪ್ಪ ಸ್ಪೀಕರ್ ಫೋನಿನಲ್ಲಿ ಹೇಳಿದರು. ನಾನು ಅಲ್ಲೇ ಕುಳಿತಿದ್ದೆ. ಅಪ್ಪ ನನ್ನ ಮುಖ ನೋಡಲಿಲ್ಲ.

ನೀನು ಹೇಳಿದ್ದೆಯೋ ಇಲ್ಲವೋ ಎಂದು ನಾನು ಕೇಳುತ್ತಿಲ್ಲ ಅಮ್ಮೂ. ನಿನ್ನನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ನೀನು ಬಾಯಿಗೆ ಬಂದದ್ದು ಬೈಯುತ್ತೀಯ, ಸುಳ್ಳು ಹೇಳುವುದಿಲ್ಲ. ಅದಕ್ಕೇ ಇದನ್ನು ಕೇಳಲು ನಾಚಿಕೆಯಾಗುತ್ತಿದೆ. ಒಂದು ಸುಳ್ಳು ಹೇಳು. ನನಗೋಸ್ಕರ. ಅರಿಷಿಣದ ದಿನ ಬಂದು ಆ ಒಂದು ಮಾತು ಹೇಳಿಬಿಡು. ಮದುವೆಯಲ್ಲಿ ನನ್ನ ಪಕ್ಕ ನಿಲ್ಲು. ನೀನಿಲ್ಲದ ಫೋಟೋ ನನ್ನ ಮನೆಯ ಗೋಡೆಯ ಮೇಲೆ ಬೇಡ.

ಬೈಯಬೇಕಿದ್ದರೆ ಬೈ. ಉತ್ತರ ಬರೆ.

ಆರತಿ

*

ಡುಲುತ್
ಸೆಪ್ಟೆಂಬರ್ 17, 2023

ಅಕ್ಕಾ,

ಬೈಬೇಕು ಅಂತ ಕುಂತೆ. ಬರದು ಹರದೆ. ಇದು ಹರದು ಉಳಿದಿದ್ದು.

ನಿನ್ನ ಕಾಗದ ಬಂದ ದಿವಸ ಕೆಲಸದಾಗ ಜಗಳ ಆತು. ನಮ್ಮ ಕೊರಿಯನ್ ಹೋಟೆಲಿನ ಫ್ರೈಯರ್ ಹತ್ರ ಟೈಲರ್ ಅಂತ ಒಬ್ಬ ಅದಾನ. ಮಾಂಸ ಸುಟ್ಟು ಕರ್ರಗ ಮಾಡಿದ, ಮ್ಯಾನೇಜರ್ ಬಂದಾಗ ‘ಅಮೃತ್ ಮಾಡಿದ’ ಅಂದ. ಬ್ಯಾರೆ ದಿವಸ ಆಗಿದ್ರ ಬೈದು ಬಿಡ್ತಿದ್ದೆ. ಆವತ್ತು ಅವನ ಕುತ್ತಿಗಿ ಹಿಡಿದು ಫ್ರೀಜರ್ ಬಾಗಿಲಿಗೆ ಒತ್ತಿದೆ. ‘ನಾ ಮಾಡಿದೆ ಅಂತ ಹೇಳು’ ಅಂದೆ. ಅವನ ಮುಖ ನೀಲಿ ಆತು. ‘ಐ ಡಿಡ್ ಇಟ್, ಐ ಡಿಡ್ ಇಟ್’ ಅಂದ. ಬಿಟ್ಟೆ. ಏನೂ ಖುಷಿ ಆಗಲಿಲ್ಲ. ನನಗ ಬೇಕಾಗಿದ್ದ ಕುತ್ತಿಗಿ ಅದಲ್ಲ.

ಮ್ಯಾನೇಜರ್ ಕೆಲಸ ತಗದಿಲ್ಲ. ಹಿಂಭಾಗದ ಕಟಿಂಗ್ ರೂಮಿಗೆ ಹಾಕ್ಯಾಳ. ಒಬ್ಬನ, ಎಲುಬು ಕತ್ತರಿಸೋ ಮಷೀನ್ ಜೊತಿ. ಅಲ್ಲಿ ಯಾರೂ ಮಾತಾಡ್ಸಂಗಿಲ್ಲ. ಚಲೋ ಐತಿ.

ಅಕ್ಕಾ, ನೀ ಏನು ಕೇಳಾಕತ್ತೀದಿ ಗೊತ್ತೈತೇನು? ಬಡಸ್ಕೊಂಡವ ಬಂದು ‘ನನ್ನ ಬಡದಿದ್ದು ಬರೋಬರಿ’ ಅನ್ನಬೇಕು. ಹುಬ್ಬು ಒಡಸ್ಕೊಂಡು, ಆ ಹೂಜಿಗೆ ಕೈ ಮುಗೀಬೇಕು. ಸೌರಭ್ ಭಾವಗ ಬೆನ್ನೆಲುಬು ಇದ್ರ ಅವನ ಅಪ್ಪಗ ಹೇಳ್ತಿದ್ದ, ‘ನೀ ಸುಮ್ಮನಿರು, ನಾ ಲಗ್ನ ಆಗೋದು ಹುಡುಗಿನ್ನ, ಅಕಿ ಅಪ್ಪನ ತಾಟನ್ನಲ್ಲ’ ಅಂತ. ಅವ ಹೇಳಂಗಿಲ್ಲ. ನೀನೂ ಹೇಳಂಗಿಲ್ಲ. ಎಲ್ಲಾರೂ ಕೂಡಿ ನನಗ ಹೇಳು ಅಂತೀರಿ.

ಸಣ್ಣವರಿದ್ದಾಗ ಅಪ್ಪ ಬೆಲ್ಟ್ ತಗದ್ರ ನೀ ನನ್ನ ಮ್ಯಾಲೆ ಬೋರಲು ಬೀಳ್ತಿದ್ದಿ. ನನಗ ಬೀಳೋದು ನಿನಗ ಬೀಳ್ತಿತ್ತು. ಅದನ್ನ ನೀ ಕಾಗದದಾಗ ಬರೀಲಿಲ್ಲ. ಅದನ್ನ ಬರದು ಕೇಳಿದ್ರ ನಾ ಬರಂಗಿಲ್ಲ ಅಂತಿದ್ದೆ. ಬರೀದ ಬಿಟ್ಟಿ, ಅದಕ್ಕ ಸಿಕ್ಕೊಂಡೆ.

ಬರ್ತೀನಿ. ಹೇಳ್ತೀನಿ ಅಂತ ಇನ್ನೂ ಹೇಳಿಲ್ಲ.

ಅಮ್ಮೂ

*

ಗೈದರ್ಸ್‌ಬರ್ಗ್
ಅಕ್ಟೋಬರ್ 8, 2023

ಚಿರಂಜೀವಿ ಅಮೃತಗ,

ಅವ್ವ ಮಾಡುವ ಆಶೀರ್ವಾದ. ಇಲ್ಲಿ ಥಂಡಿ ಸುರು ಆಗೇತಿ. ನಿಮ್ಮ ಕಡೆ ಅಷ್ಟಿರಂಗಿಲ್ಲ ಅಂತ ಆರತಿ ಹೇಳಿದ್ಲು. ಆದ್ರೂ ಸ್ವೆಟರ್ ಹಾಕ್ಕೊ. ಡಬ್ಬಿಯಾಗ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇಟ್ಟೀನಿ. ಗುರೆಳ್ಳಿಂದು ಮೊದಲು ತಿನ್ನು, ಅದು ಬೇಗ ಕನರು ಆಗತೈತಿ. ಮದುವಿಗೆ ನಿನಗ ನೀಲಿ ಬಣ್ಣದ ಕುರ್ತಾ ತಂದೀನಿ. ಎದಿ ಅಳತಿ ಹಳೇದ ಹಿಡದೀನಿ. ಬಾ.

ಅವ್ವ

*

ಡುಲುತ್
ಅಕ್ಟೋಬರ್ 15, 2023

ಅವ್ವಾ,

ಚಟ್ನಿ ಚಲೋ ಐತಿ. ಕುರ್ತಾ ಆಗಬಹುದು.

ನೀ ಅಪ್ಪನ ಬಾಜೂಕ ಕುಂತಿದ್ದಿ. ನಾ ಹೇಳಿದ್ದು ಕೇಳಿದಿ. ಕೇಳಿ, ನಿನ್ನ ತಾಟಿನ ಅನ್ನ ಮಾತ್ರ ದೂರ ಸರಿಸಿದಿ. ನಾ ನೋಡಿದೆ ಅವ್ವಾ.

ಅರಿಷಿಣದ ದಿವಸ ಎಲ್ಲಾರ ಮುಂದ ನಿನ್ನ ಒಂದು ಮಾತು ಕೇಳ್ತೀನಿ. ತಯಾರಾಗಿರು.

ಅಮೃತ್

*

ಗೈದರ್ಸ್‌ಬರ್ಗ್, ನನ್ನ ಹಳೇ ಖೋಲಿ
ಅಕ್ಟೋಬರ್ 27, 2023

ಅಪ್ಪಾ,

ನೀ ಕೆಳಗ ಹಾಲ್‌ನಾಗ ಅದಿ. ನಗಾಕತ್ತೀದಿ, ಇಲ್ಲಿ ತನಕ ಕೇಳತೈತಿ. ನಾ ಮ್ಯಾಲೆ, ನನ್ನ ಖೋಲ್ಯಾಗ. ಖೋಲಿ ಅಲ್ಲ ಈಗ, ಗೋಡೌನ್. ಮಂಚದ ತುಂಬ ಬೀಗರಿಗೆ ಕೊಡೋ ಸ್ಟೀಲ್ ತಾಟು, ಕುಂಕುಮದ ಪಾಕೀಟು. ಅದರ ನಡುವ ಜಾಗ ಮಾಡ್ಕೊಂಡು, ಉಳಿದ ಲಗ್ನಪತ್ರಿಕಿ ಬೆನ್ನಿಗೆ ಬರ್ಯಾಕತ್ತೀನಿ. ಇದು ನಾ ನಿನಗ ಬರಿಯೋ ಕಡೀ ಕಾಗದ.

ಈಗ ಕೆಳಗ ಆಗಿದ್ದನ್ನ ಬರದು ಇಡ್ತೀನಿ. ನಾಳೆ ನೀ ‘ನೆನಪಿಲ್ಲ’ ಅಂತಿ, ಅದಕ್ಕ.

ಅಕ್ಕನ ಮುಖದ ತುಂಬ ಅರಿಷಿಣ ಇತ್ತು. ನನ್ನ ನೋಡಿ ನಗೋದೋ ಅಳೋದೋ ತಿಳೀಲಿಲ್ಲ ಅಕಿಗೆ. ದಾನಪ್ಪ ಅಂಕಲ್ ಸೋಫಾದ ನಡುವ, ಸೌರಭ್ ಭಾವನ ಅಪ್ಪ ಬಾಜೂಕ, ಕೋರ್ಟಿನಂಗ. ‘ಬಾರಪಾ, ದೊಡ್ಡ ಮನಸು ಮಾಡಿ ಬಂದೀದಿ’ ಅಂದ ಅಂಕಲ್. ‘ಹೇಳು, ಹೇಳಿ ಹಗುರ ಆಗು.’

ನಾ ಮೊದಲು ಅವ್ವನ್ನ ಕರದೆ. ಅಡಿಗಿಮನಿ ಬಾಗಿಲದಾಗ ನಿಂತಿದ್ಲು, ಕೈಯಾಗ ಕೊಬ್ರಿ ಬಟ್ಟಲು. ‘ಅವ್ವಾ, ಆವತ್ತು ನಾ ಅಪ್ಪಗ ಹೇಳಿದ್ದು ನೀ ಕೇಳಿದ್ದಿ. ಹೌದಿಲ್ಲೋ?’

ಎಲ್ಲಾರೂ ಅಕಿ ಕಡೆ ನೋಡಿದ್ರು. ನೀನೂ ನೋಡಿದಿ. ಅವ್ವ ಒಳಗ ಹೋಗಿ ಮಿಕ್ಸರ್ ಹಚ್ಚಿದ್ಲು. ಕೊಬ್ರಿ ನುಣ್ಣಗಾಗಿ, ಖಾಲಿ ಜಾರ್ ತಿರಗಾಕ ಹತ್ತಿದ್ರೂ ಆಫ್ ಮಾಡ್ಲಿಲ್ಲ. ನಾವು ಎಲ್ಲಾರೂ ಆ ಸಪ್ಪಳದಾಗ ಕುಂತಿದ್ವಿ. ದಾನಪ್ಪ ಅಂಕಲ್ ವಾಚ್ ನೋಡ್ಕೊಂಡ.

ಮಿಕ್ಸರ್ ನಿಂತ ಮ್ಯಾಲೆ ನಾ ಹೇಳಿದೆ. ‘ಗೊತ್ತಿತ್ತು. ಹೇಳಲಿಲ್ಲ.’

ಬಾಯಾಗ ಕಬ್ಬಿಣ ಕಚ್ಚಿದಂಗ ಆತು. ಸೌರಭ್ ಭಾವನ ಅಪ್ಪ ತಲಿ ಆಡಿಸಿದ. ಅಂಕಲ್ ನನ್ನ ಬೆನ್ನು ತಟ್ಟಾಕ ಬಂದ, ನಾ ಸರದೆ. ಆ ಬೆನ್ನು ಲಿಥಾರಿಯಾಗ ಒಬ್ಬ ತಟ್ಯಾನ, ಸಾಕು. ಅಕ್ಕ ಕಣ್ಣು ಮುಚ್ಚಿದ್ಲು, ಅರಿಷಿಣದ ಮ್ಯಾಲೆ ನೀರು ಗೀಟು ಎಳದಂಗ ಇಳೀತು.

ಆಗ ನೀ ಎದ್ದಿ. ಬೇಸನ್ ಉಂಡಿ ತಗೊಂಡು ನನ್ನ ಬಾಯಿಗೆ ಇಟ್ಟಿ. ಅಪ್ಪಿಕೊಂಡಿ. ನನ್ನ ನೀ ಎಂದರ ಅಪ್ಪಿಕೊಂಡಿದ್ದಿ? ನನಗ ಕೈ ಎಲ್ಲಿ ಇಡಬೇಕು ತಿಳೀಲಿಲ್ಲ. ನಿನ್ನ ಗಡ್ಡ ನನ್ನ ಕಿವಿಗೆ ಚುಚ್ಚಿತು. ನನ್ನ ಕಿವ್ಯಾಗ, ಉಸುರಿನಷ್ಟ ಸಣ್ಣಗ, ಹೇಳಿದಿ:

‘ಅನ್ನ ಭಾಳ ರುಚಿ ಇತ್ತಲೇ ಅಮೃತ್. ಇನ್ನೂ ಬಾಯಾಗ ಐತಿ.’

ಅಪ್ಪಾ, ನಾ ನಾಕು ತಿಂಗಳಿಂದ ಇದಕ್ಕ ಬಡದಾಡೀನಿ. ಕಾಗದ ಬರದೆ. ಒಬ್ಬನ ಕುತ್ತಿಗಿ ಒತ್ತಿದೆ. ನೀ ಕೊಟ್ಟಿ. ಕೊಟ್ಟಿ, ಹ್ಯಾಂಗ ಅಂದ್ರ, ಲಂಚ ಕೊಟ್ಟಂಗ, ಕೈಯಾಗ ಮುಚ್ಚಿ.

‘ಜೋರ ಹೇಳು’ ಅಂದೆ.

ನಿನ್ನ ಮೈ ಬಿಗಿ ಆತು. ‘ಏನ?’

‘ಈಗ ಹೇಳಿದ್ಯಲ್ಲ, ಅದು. ಎಲ್ಲಾರಿಗೂ ಕೇಳೋ ಹಂಗ.’

ನೀ ಮಂದಿ ಕಡೆ ತಿರಗಿ ನಕ್ಕಿ. ‘ಪಾಪ, ಹುಡುಗ ಅಳಾಕತ್ಯಾನ’ ಅಂದಿ. ಎಲ್ಲಾರೂ ಅಯ್ಯೋ ಅಂದ್ರು.

ಉಂಡಿ ಉಗುಳಿದೆ. ನಿನ್ನ ಬಿಳೀ ಅಂಗಿ ಮ್ಯಾಲೆ. ನಿನ್ನ ಮೊಳಕೈ ನನ್ನ ಮುಷ್ಟಿಯಾಗ ಇತ್ತು, ಅದ ಮೊಳಕೈ. ಕೂಡಿದ ಎಲುಬು ಬಟ್ಟಿಗೆ ಸಿಕ್ತು, ಗಂಟಿನಂಗ. ಒಮ್ಮಿ ತಿರುವಿದ್ರ ಸಾಕಿತ್ತು. ನಿನ್ನ ಕಣ್ಣಾಗ ಅಂಜಿಕಿ ಕಂಡೆ. ಹುಟ್ಟಿದಾಗಿಂದ ನೋಡಬೇಕು ಅಂದ್ಕೊಂಡಿದ್ದು ಅದು. ನೋಡಿದೆ. ಬಿಟ್ಟೆ. ನಿನ್ನ ಮಕ ನೋಡಿ ಅಲ್ಲ. ಅಕ್ಕನ ಅರಿಷಿಣ ಇನ್ನೂ ಒಣಗಿರಲಿಲ್ಲ.

ನಾಳೆ ನಾ ನಿಂದರಂಗಿಲ್ಲ. ಅಕ್ಕಗ ನಾ ಕೊಡೋದು ಕೊಟ್ಟೀನಿ. ಸುಳ್ಳು ಹೇಳೀನಿ, ಲಗ್ನ ಆಗತೈತಿ. ಫೋಟೋದಾಗ ಅಕಿ ಬಾಜೂಕ ನಿಂತು ನಿನ್ನ ಜೊತಿ ನಗೋದು ಮಾತ್ರ ಆಗಂಗಿಲ್ಲ. ಅಕಿಗೆ ಹೇಳು, ಗೋಡಿ ಮ್ಯಾಲೆ ಜಾಗ ಖಾಲಿ ಇಡಬ್ಯಾಡ, ಗಡಿಯಾರ ಹಾಕ್ಕೊ ಅಂತ. ಅವ್ವಗ ಹೇಳು, ಕುರ್ತಾ ಎದಿ ಹತ್ರ ಬಿಗಿ ಆತು. ಅಕಿ ತಗೊಂಡಿದ್ದು ಹಳೇ ಅಳತಿ.

ಸಿಫಿಸ್ ಹತ್ರ ಹೋಗಿ ಒಂದು ದಿವಸ ಊಟಕ್ಕ ಕುಂಡ್ರು. ಅವರಪ್ಪ ಇನ್ನೂ ಕೇಳ್ತಾನಂತ, ಕುಣಿದವ ಹ್ಯಾಂಗ ಅದಾನ ಅಂತ. ಸತ್ತ ಅಂತ ಹೇಳಿಬಿಡು.

ನಾ ನಿನ್ನ ಕಿವ್ಯಾಗ ಹೇಳಿದೆ, ನೀ ಹೇಳಿಲ್ಲ ಅಂದಿ. ನೀ ನನ್ನ ಕಿವ್ಯಾಗ ಹೇಳಿದಿ, ಅದನ್ನೂ ಹೇಳಿಲ್ಲ ಅಂತಿ. ಈ ಮನ್ಯಾಗ ಕಿವ್ಯಾಗ ಹೇಳಿದ್ದು ಯಾವುದೂ ಹೇಳಿದಂಗಲ್ಲ. ಅದಕ್ಕ ಈಗ ಕೆಳಗ ಇಳೀತೀನಿ, ನಿಮ್ಮ ಎಲ್ಲಾರ ನಡುವ ಹಾದು ಹೋಗ್ತೀನಿ, ಮುಂಬಾಗಿಲ ನನ್ನ ಮೈಯಾಗ ಇದ್ದಷ್ಟು ಜೋರ ಸೇರಿಸಿ ಎಳೀತೀನಿ. ಅದು ಕೇಳಲಿಲ್ಲ ಅನ್ನಾಕ ನಿನಗ ಬರಂಗಿಲ್ಲ. ದಾನಪ್ಪಗೂ ಬರಂಗಿಲ್ಲ. ಮಿಕ್ಸರ್ ಹಚ್ಚಿದ್ರೂ ಅವ್ವಗ ಬರಂಗಿಲ್ಲ.

ನೀ ಇದನ್ನ ಓದೋ ಹೊತ್ತಿಗೆ ತೋರಣ ಕೆಳಗ ಬಿದ್ದಿರತೈತಿ. ಎತ್ತಿ ಕಟ್ಟು. ಬೀಗರು ಅದಾರ.

ಅಮೃತ್